ಪೆನ್‌ಡ್ರೈವಿನೊಳಗಿನ ಸೀರಿ

ನಮ್ಮನಿ ಟಿವ್ಯಾಗ ನನ್ನ ಹೆಂಡ್ತಿ ಬೂದಿ ಬಡದಂಗ ಕಾಣತಿದ್ಲು.

ಆಕಿ ಹೋಗಿ ವರ್ಷ ತುಂಬಿದ ಮ್ಯಾಲ, ಅಳಿಯಾರು ಕೊಟ್ಟ ಪೆನ್‌ಡ್ರೈವ್ ಟಿವಿಗೆ ಸಿಗಿಸಿ ಆ ವಿಡಿಯೋ ಮೊದಲನೇ ಸಲ ನೋಡಿದ್ನಿ. ನೋಡಿ ಅನಿಸಿದ್ದು ಇಷ್ಟ: ಇಕಿ ಹಿಂಗ ಇದ್ದಿದ್ದಿಲ್ಲ. ಮಕಾ ಬಿಳಚಿಕೊಂಡಿತ್ತು. ಹಣಿ ಮ್ಯಾಲಿನ ಕುಂಕುಮ ಇಟ್ಟಂಗಿ ಪುಡಿ ಆಗಿತ್ತು. ಬಾಗಲಕ್ಕ ಕಟ್ಟಿದ್ದ ಚೆಂಡುಹೂವಿನ ಮಾಲಿ ಒಣಾ ಕಣಕಿ ಆಗಿತ್ತು. ಧ್ವನೀನೂ ಇಲ್ಲ, ಈ ಆಡಿಯೋ ನಡಿಯೂದಿಲ್ಲ ಅಂತ ಟಿವಿ ಮ್ಯಾಲ ಬರದು ಬಂತು, ಹೋತು. ಆಕಿ ತುಟಿ ಆಡಸ್ತಿದ್ಲು, ಸೆರಗ ಹಿಡದು ಏನೋ ತೋರಸ್ತಿದ್ಲು, ನಗತಿದ್ಲು. ಏನ ಅಂತಿದ್ಲೋ ಶಿವಗ ಗೊತ್ತು. ಊಟಕ್ಕ ಏಳ್ರಿ ಅಂತ ಮಂದೀನ ಕರಿಯಾಕ ಹತ್ತಿರಬೇಕು ಅಂದಕೊಂಡ್ನಿ. ಆಕೀದು ಜಲ್ಮಪೂರ್ತಿ ಅದೊಂದ ಮಾತು.

ನಾನು ರಾಮದುರ್ಗದಾಂವ. ಮೂವತ್ತೈದು ವರ್ಷ ಮಗ್ಗದ ನೂಲಿಗೆ ಬಣ್ಣ ಹಾಕಿ ಹೊಟ್ಟಿ ಹೊರಕೊಂಡೇನಿ. ಹಿತ್ತಲದಾಗ ನಾಕು ಒಲಿ, ನಾಕು ತಾಮ್ರದ ಹಂಡೆ. ನಾ ಬಣ್ಣ ಕೂಡಸಾಂವ, ಆಕಿ ನೂಲಿನ ಲಡಿ ಅದ್ದಿ ಅದ್ದಿ ತಗಿಯಾಕಿ. ಆಕಿ ಕೈ ಮೊಣಕೈತನಕ ಯಾವತ್ತೂ ಒಂದು ಬಣ್ಣ ಇರತಿತ್ತು. ಬೀಗರ ಮನಿಗೆ ಹೋದಾಗ ಸೆರಗಿನೊಳಗ ಕೈ ಮುಚ್ಚಿಕೊಂಡು ಕುಂಡರತಿದ್ಲು. ಈಗ ಬಣ್ಣ ಹಾಕಿದ ನೂಲು ಗಂಟು ಕಟ್ಟಿ ಹೊರಗಿಂದನ ಬರತೈತಿ, ಮಗ್ಗಾನೂ ಓಣಿಗೆ ಒಂದು ಎರಡು ಉಳದಾವ, ನನ್ನ ಹಂಡೇವು ಹಿತ್ತಲದಾಗ ಬೋರಲು ಬಿದ್ದಾವ. ಆದ್ರ ಬಣ್ಣ ತಪ್ಪಿದ್ದು ಕಂಡ್ರ ಇವತ್ತಿಗೂ ನನಗ ತಡಿಯೂದಿಲ್ಲ, ಮೈ ಉರೀತೈತಿ. ಮದವಿ ಮನ್ಯಾಗ ಯಾರರೆ ಸೀರಿ ಅಂಚಿನ ಬಣ್ಣ ಒಡಲಿಗೆ ಹೊಂದಿಲ್ಲಂದ್ರ ಉಂಡದ್ದು ರುಚಿ ಹತ್ತೂದಿಲ್ಲ. ಅಂಥಾವನ ಮುಂದ ಈ ಟಿವಿ ನನ್ನ ಹೆಂಡ್ತೀನ ಹಿಂಗ ತೋರಿಸಿದ್ರ ಸುಮ್ಮ ಹೆಂಗ ಕುಂಡರಲಿ?

ಸುಮ್ಮ ಕುಂಡರಾಕ ಆಗದಂಥಾ ಇನ್ನೊಂದು ಕಾರಣ ಇತ್ತು. ಅದು ನನ್ನ ಮಗಳದು.

ಒಬ್ಬಾಕಿನ ಮಗಳು. ಬೈಲಹೊಂಗಲಕ್ಕ ಕೊಟ್ಟೇವಿ, ಅಲ್ಲೇ ಸಾಲ್ಯಾಗ ಕಲಸ್ತಾಳ. ಅಳಿಯಾರು ದಿನಾ ಬಸ್ಸಿಗೆ ಕಿತ್ತೂರಿಗೆ ಹೋಗಿ ನೌಕರಿ ಮಾಡತಾರ. ಆಕಿ ಬಸರಾದಾಗ ಏಳನೇ ತಿಂಗಳದಾಗ ನಮ್ಮನ್ಯಾಗ ಕುಬಸಾ ಮಾಡಿದ್ವಿ, ಸೀಮಂತ ಅಂತಾರಲ್ಲ, ಅದು. ಮಗಳಿಗೆ ಹಸರ ಸೀರಿ, ಹಸರ ಬಳಿ, ಉಡಿ ತುಂಬ ಅಕ್ಕಿ ಬೆಲ್ಲ. ಅವತ್ತ ನನ್ನ ಹೆಂಡ್ತಿ ಒಂದು ಹೊಸಾ ಸೀರಿ ಉಟ್ಟಿದ್ಲು, ನಮ್ಮ ಹಂಡ್ಯಾಗಿಂದ ಬಂದ ಬಣ್ಣದ್ದು. ಅದ ಕಡೀದು, ಆಮ್ಯಾಲ ಒಲಿ ಹಚ್ಚಲಿಲ್ಲ. ಅಳಿಯಾರು ತಮ್ಮ ಆಗಿನ ಭಾರೀ ಫೋನಿನ್ಯಾಗ ಅವತ್ತಿಂದೆಲ್ಲಾ ವಿಡಿಯೋ ತಗದ್ರು. ಕುಬಸಾ ಮುಗಿಸಿ ಮಗಳು, ಇನ್ನ ಒಂದು ತಿಂಗಳ ಸಾಲಿ ಮಾಡಿ ಹಡಿಯಾಕ ಬರತೇನಿ ಅಂತ ಬೈಲಹೊಂಗಲಕ್ಕ ಹೋದ್ಲು. ಹದಿನೆಂಟನೇ ದಿನಕ್ಕ ಆಕಿ ಅವ್ವ, ಮಧ್ಯಾಹ್ನ ರೊಟ್ಟಿ ಬಡಿಯಾಕಿ ಎದಿ ಹಿಡಕೊಂಡು ಗ್ವಾಡಿಗೆ ಆನಿಕೊಂಡು ಕುಂತ್ಲು. ಕುಂತಾಕಿ ಏಳಲಿಲ್ಲ.

ಬಸರಿದ್ದಾಕಿ ಹೆಣಾ ನೋಡಬಾರದು ಅಂತ ಹಿರ್ಯಾರು ಮಗಳನ್ನ ಕರಕೊಂಡು ಬರಗೊಡಲಿಲ್ಲ. ನಾನೂ ಬ್ಯಾಡ ಅಂದ್ನಿ. ಹೊಟ್ಟ್ಯಾಗಿನ ಕೂಸಿನ ಮಾತು, ಏನ ಮಾಡೂದು. ಆಕಿ ಬೈಲಹೊಂಗಲದಾಗ ಬಾಗಲಾ ಬಡಕೊಂಡು ಅತ್ಲಂತ. ಇಲ್ಲಿ ಹೆಂಗಸರು, ಮುತ್ತೈದಿ ಆಗಿ ಹೊಂಟಾಳ, ಹೊಸಾ ಸೀರಿ ಉಡಸಬೇಕು, ಯಾವುದು ಅಂತ ನನ್ನ ಕೇಳಿದ್ರು. ನನಗ ನೆನಪಿಗೆ ಬಂದದ್ದು ಅದೊಂದ, ಒಂದ ಸಲ ಉಟ್ಟದ್ದು. ಅದನ್ನ ಉಡಸ್ರಿ ಅಂದ್ನಿ. ಜಂಪರಾನೂ ಅದರದ. ಎರಡೂ ಆಕಿ ಕೂಡ ಮಣ್ಣಿಗೆ ಹೋದು. ಅವತ್ತ ಸೆರಗಿನ ತುದಿ ಒಂದು ಬೊಟ್ಟಷ್ಟು ಹರದು ಇಟಗೊಂಡಿದ್ರ ಈ ಕತಿನ ಇರತಿದ್ದಿಲ್ಲ.

ವರ್ಷ ತುಂಬಿ ಮೊದಲನೇ ಹಿರೇರ ಹಬ್ಬ ಬಂತು. ನಮ್ಮ ಕಡೆ ಅವತ್ತ ಹೋದಾರ ಫೋಟೋ ಮುಂದ ಹೊಸಾ ಅರಿವಿ ಇಟ್ಟು ಎಡಿ ಹಿಡಿತೇವಿ. ಆಮ್ಯಾಲ ಆ ಅರಿವಿ ಮನಿ ಮಂದಿ ಉಡತಾರ. ತಿಂಗಳ ಮೊದಲ ಮಗಳು ಫೋನ್ ಮಾಡಿದ್ಲು.

"ಅಪ್ಪಾ, ಅವ್ವಗ ಅಂಗಡಿ ಸೀರಿ ಇಡೂದು ಬ್ಯಾಡ. ನನ್ನ ಕುಬಸದ ದಿನಾ ಉಟ್ಟಿದ್ಲಲ್ಲ, ಅದ ಬಣ್ಣದ್ದು ನೀ ಹಾಕಿ ನೇಯಿಸು. ಇಟ್ಟ ಮ್ಯಾಲ ನಾ ಉಡತೇನಿ."

"ಈಗ ಯಾರ ಒಲಿ ಹಚ್ಚತಾರವ್ವ?"

"ಅಪ್ಪಾ, ನಾ ಅವ್ವನ್ನ ಕಡೀಕ ನೋಡಿದ್ದು ಆ ಸೀರ್ಯಾಗ. ಮಕಾ ನೋಡಾಕಂತೂ ನೀವ್ಯಾರೂ ಬಿಡಲಿಲ್ಲ."

ಹೂಂ ಅಂದ್ನಿ. ಆಕಿ ಮತ್ತ, "ನಿನ್ನ ವಹಿಯೊಳಗ ಇರತೈತಲ್ಲ, ನೋಡು," ಅಂದ್ಲು.

ವಹಿ ಅಂದ್ರ, ನಾ ಮೊದಲಿಂದ ಇಟಗೊಂಡು ಬಂದದ್ದು. ಯಾರ ಮಗ್ಗಕ್ಕ ಯಾವ ಬಣ್ಣ, ಅದಕ್ಕ ಯಾವ ಪುಡಿ ಎಷ್ಟು ತೊಲಿ, ಎಷ್ಟು ಹೊತ್ತು ಕುದಿಸಿದ್ದು, ಎಲ್ಲಾ ಬರದು, ಪಕ್ಕದಾಗ ಅದ ನೂಲಿನ ಒಂದು ಗೇಣು ತುಂಡು ದಬ್ಬಣದ್ಲೆ ಪೋಣಿಸಿ ಗಂಟ ಹಾಕತಿದ್ನಿ. ಹತ್ತು ವರ್ಷದ ಮ್ಯಾಲ ಬಂದು ಅದ ಬಣ್ಣ ಬೇಕು ಅಂದ್ರೂ ಹಾಕಿ ಕೊಡಾಂವ ನಾನು. ಅಂಥಾ ವಹಿ ಒಂಬತ್ತು ಅದಾವ. ಒಂಬತ್ತರಾಗೂ ನನ್ನ ಹೆಂಡ್ತಿ ಸೀರಿ ಬಣ್ಣ ಇಲ್ಲ.

ಯಾಕಿಲ್ಲ ಅಂತ ಇಲ್ಲಿ ಹೇಳತೇನಿ, ಮಗಳ ಮುಂದ ಹೇಳಿಲ್ಲ. ಹಂಡ್ಯಾಗ ಕೆಲಸಾ ಮುಗದ ಮ್ಯಾಲ ಒಂದೀಟು ಬಣ್ಣದ ನೀರು ಉಳೀತೈತಿ. ಅದನ್ನ ಚೆಲ್ಲಾಕ ಮನಸ್ಸು ಬರೂದಿಲ್ಲ. ಮನೀದು ಏನರೆ ಇದ್ರ, ಹಾಸಿಗಿ ಅರಿವಿನೋ ಲಂಗದ ಬಟ್ಟಿನೋ, ಅದರಾಗ ಅದ್ದತಾರ. ಬಣ್ಣಗಾರ ಮನ್ಯಾಗ ಎಲ್ಲಾ ಅರಿವಿ ಉಳಿದ ನೀರಿಂದ. ಆಕಿ ಎಷ್ಟೋ ವರ್ಷದಿಂದ, ಒಂದ ಸಲ ನನಗಂತ ಒಂದು ಬಣ್ಣ ಕೂಡಸ್ರಿ, ಊರಾಗ ಯಾರ ಹತ್ರನೂ ಇರಬಾರದು ಅಂಥಾದ್ದು ಅಂತ ಕೇಳತಿದ್ಲು. ಆತು ತಗೊ, ಈ ಕೆಲಸಾ ಮುಗೀಲಿ ಅಂತಿದ್ನಿ. ಕೆಲಸಾ ಎಂದ ಮುಗದಾವು? ಒಲಿ ಆರಸೋ ಕಡೀ ದಿನಾ ಮೂರು ಹಂಡ್ಯಾಗ ಒಂದೊಂದೀಟು ನೀರು ಉಳದಿತ್ತು. ಆಕಿ ಒಂದು ಸೀರಿಗೆ ಸಾಲೂವಷ್ಟು ಬಿಳಿ ನೂಲು ತಂದು ನನ್ನ ಮುಂದ ಹಿಡದು ನಿಂತ್ಲು. "ಇವತ್ತರೆ ಹಾಕ್ರಿ," ಅಂದ್ಲು. ನನಗ ಸೊಂಟ ಹಿಡದಿತ್ತು, ಧಂದೆ ಮುಗೀತು ಅನ್ನೋ ಸಿಟ್ಟು ಬ್ಯಾರೆ. "ಏ, ಅದರಾಗ ಉಳದೈತಲ್ಲ, ಎಲ್ಲಾ ಕೂಡಿಸಿ ಅದ್ದಕೊ ಹೋಗು, ತಲಿ ತಿನಬ್ಯಾಡ," ಅಂದು ಕಟ್ಟಿ ಮ್ಯಾಲ ಚಾ ಕುಡಕೋತ ಕುಂತ್ನಿ. ಹಿತ್ತಲದಾಗ ಆಕಿ ಹಂಡೆ ಎತ್ತಿ ಸುರುವೂ ಸಪ್ಪಳ ಕೇಳತಿತ್ತು. ಎದ್ದು ಹೋಗಿ ನೋಡಲಿಲ್ಲ, ಆಮ್ಯಾಲ ಯಾರ ಮಗ್ಗಕ್ಕ ಕೊಟ್ಲಂತನೂ ಕೇಳಲಿಲ್ಲ. ಕುಬಸದ ದಿನಾ ಉಟಗೊಂಡು ಎದುರಿಗೆ ಬಂದಾಗೂ ಕಣ್ಣೆತ್ತಿ ನೋಡಲಿಲ್ಲ, ಮಂದಿಗೆ ಎಲಿ ಹಾಕೂ ಗದ್ದಲದಾಗಿದ್ನಿ. ಮೂವತ್ತೈದು ವರ್ಷ ಊರ ಮಂದಿ ಸೀರಿ ಬಣ್ಣ ನೋಡಿದಾಂವಗ ಹೆಂಡ್ತಿ ಮೈಮ್ಯಾಲಿಂದು ನೆನಪಿಲ್ಲ. ನನ್ನ ಕಣ್ಣಿಗೆ ಏನ ಬಡದಿತ್ತೋ. ಮಗಳನ್ನ ಕೇಳೋಣಂದ್ರ, ನೀನ ಹಾಕಿದ್ದಲ್ಲಪ್ಪಾ ಅಂತಾಳ, ಹೆಂಗ ಕೇಳಲಿ.

ಅದಕ್ಕ ಆ ವಿಡಿಯೋ ಒಂದ ಗತಿ ಆತು. ಅಳಿಯಾರ ಆ ಫೋನು ಸವದತ್ತಿ ಹತ್ರ ಮಲಪ್ರಭಾದಾಗ ಬಿದ್ದು ಹೋಗಿತ್ತು, ಅದರಾಗಿನ ಫೋಟೋ ಎಲ್ಲಾ ಹೋದು. ವಿಡಿಯೋ ಭಾಳ ದೊಡ್ಡದು ಅಂತ ಅದಕ್ಕಿಂತ ಮೊದಲನ ಪೆನ್‌ಡ್ರೈವಿಗೆ ಹಾಕಿದ್ರು, ಅದೊಂದು ಉಳೀತು. ಈಗಿನ ಅವರ ಸಾದಾ ಫೋನಿನ್ಯಾಗ ಅದು ತೆರಿಯೂದನ ಇಲ್ಲ. ನನ್ನ ಫೋನಿನ್ಯಾಗ ಹೆಜ್ಜಿಗೊಮ್ಮೆ ನಿಂದರತೈತಿ, ದನೀನೂ ಇಲ್ಲ.

ಹಂಗಾಗಿ ಟಿವಿ ಮುಂದ ಕುಂತ್ನಿ. ರಿಮೋಟ್ ಹಿಡದು ಬಣ್ಣ ತಿರುವಿದ್ನಿ. ಸ್ಟ್ಯಾಂಡರ್ಡ್ ಅಂತ ಒಂದಿತ್ತು, ಅದು ಬೂದಿ. ಸಿನೆಮಾ ಅಂತ ಇತ್ತು, ಅದಕ್ಕ ಹಾಕಿದ್ರ ಎಲ್ಲಾರಿಗೂ ಕಾಮಣಿ ಆದಂಗ ಹಳದಿ. ವಿವಿಡ್ ಅಂತ ಇತ್ತು, ಅದಕ್ಕ ಹಾಕಿದ್ರ ಬೂದಿ ಮ್ಯಾಲ ಗುಲಾಲ ಹಾರಿಸಿದಂಗ. ಬೆಳಕು ಏರಿಸಿದ್ರ ಮಕಾ ಅಳಿಸಿ ಹೋಗತಿತ್ತು, ಇಳಿಸಿದ್ರ ಸೀರಿ ಕರ್ರಗ. ಯಾವುದೂ ಬಣ್ಣ ಅನ್ನೂವಂಗಿಲ್ಲ. ರಿಮೋಟ್ ಎತ್ತಿ ಒಗೀಬೇಕು ಅನಿಸಿತ್ತು. ಒಗದ್ರ ಎದ್ದು ಆರಿಸಿ ತರಾಂವ ನಾನ ಅಂತ ಸುಮ್ಮ ಆದ್ನಿ.

ಟಿವಿನ ಕೆಟ್ಟೈತಿ ಅಂತ ಆಕಿ ಹೊಲಿದ ಕೌದ್ಯಾಗ ಸುತ್ತಿ ತೊಡಿಮ್ಯಾಲ ಇಟಗೊಂಡು ಬಸ್ಸಿನ್ಯಾಗ ಸವದತ್ತಿಗೆ ಹೋದ್ನಿ. ಅದು ಹುಣ್ಣಿವಿ ಹತ್ರದ ದಿನ. ಬಸ್ಸು ತುಂಬ ಎಲ್ಲಮ್ಮನ ಗುಡ್ಡಕ್ಕ ಹೊಂಟಾರು, ಹಣಿ ತುಂಬ ಭಂಡಾರ. ಒಬ್ಬಾಕಿ ಮುದುಕಿ ಕೌದಿ ಮುಟ್ಟಿ, "ಏನ್ ದೇವರೋ ಯಪ್ಪಾ?" ಅಂತ ಕೈ ಮುಗದ್ಲು. "ಟಿವಿ ಬೇ," ಅಂದ್ರೂ ಕೈ ಇಳಸಲಿಲ್ಲ. ಅಲ್ಲಿ ರಿಪೇರಿ ಅಂಗಡಿಯಾಂವ ತಿರುವಿ ನೋಡಿ, "ಪ್ಯಾನಲ್ ಹೋಗೇತ್ರಿ ಅಜ್ಜಾರ, ಇಡ್ರಿ ಇದನ್ನ, ಹೊಸಾದು ಒಯ್ಯರಿ," ಅಂದ.

"ಪ್ಯಾನಲ್ ಹೋಗಿದ್ರ ಸುದ್ದಿ ಓದೂ ಹುಡಿಗಿ ಸೀರಿ ಹೆಂಗ ಝಗಝಗ ಕಾಣತೈತೋ ತಮ್ಮಾ?"

"ಅದು ಕೇಬಲ್‌ರಿ."

"ಕೇಬಲ್ಲಿಗೆ ಒಂದು ಪ್ಯಾನಲ್, ನನ್ನ ಹೆಂಡ್ತಿಗೆ ಒಂದು ಪ್ಯಾನಲ್ ಐತೇನು ಇದರಾಗ?"

ಅಂವ ನಕ್ಕ. ನನಗ ನಗಿ ಬರಲಿಲ್ಲ. ಮತ್ತ ಕೌದಿ ಸುತ್ತಿಕೊಂಡು ತಿರುಗಿ ಬಂದ್ನಿ.

ಮಗಳು ರವಿವಾರ ಲ್ಯಾಪ್‌ಟಾಪ್ ಹಿಡಕೊಂಡು ಬಂದ್ಲು. ಅದರಾಗ ಹಾಕಿದ್ರ ಬ್ಯಾರೆನ ಚಂದ: ಮಂದಿ ಮಕಾ ಹಸರು, ಗ್ವಾಡಿ ಗುಲಾಬಿ. ನಮ್ಮ ಬೀಗತಿ ಸತ್ತು ಮೂರು ದಿನಾ ಆದಾರಂಗ ಕಾಣತಿದ್ರು, ಪಾಪ, ಅವರು ಗಟ್ಟಿಮುಟ್ಟ ಅದಾರ. ನಕ್ಕು ನಕ್ಕು ಮಗಳಿಗೆ ಕಣ್ಣಾಗ ನೀರು ಬಂತು, ಆಮ್ಯಾಲ ಅದ ನೀರು ನಿಂದರಲಿಲ್ಲ. ಕಿತ್ತೂರಾಗ ಅಳಿಯಾರ ಜೋಡಿ ಕೆಲಸಾ ಮಾಡೋರು ಒಬ್ಬರು, ಬ್ಯಾರೆ ಪ್ಲೇಯರ್ ಹಾಕಿ ನೋಡ್ರಿ ಅಂತ ಫೋನಿನ್ಯಾಗನ ಹೇಳಿಕೊಟ್ರು. ಹಾಕಿದ್ವಿ. ಹಸರು ಹೋತು, ಗುಲಾಬಿ ಹೋತು. ಲ್ಯಾಪ್‌ಟಾಪಿನ್ಯಾಗೂ ಟಿವಿಯಾಗಿನಂಗ ಬೂದಿ ಬಣ್ಣದ ಸೀರಿ ಕಂಡಿತು, ದನಿ ಇಲ್ಲೂ ಬರಲಿಲ್ಲ. ಬಣ್ಣಾ ನಿನಗ ಗೊತ್ತಲ್ಲಪ್ಪಾ ಅಂತ ಮಗಳು ನನಗ ಬಿಟ್ಲು.

ಇಲ್ಲೇ ನಾ ಹಾಳಾದದ್ದು. ಎರಡು ಡಬ್ಬಿ ಒಂದ ಬಣ್ಣ ತೋರಿಸಿದ್ರ ಅದ ಖರೇ ಅಂತ ನಂಬಿದ್ನಿ. ನಂಬಾಕ ನನ್ನ ಎದ್ಯಾಗೂ ಒಂದು ಕಾರಣ ಕುಂತಿತ್ತು. ಮೂರು ಹಂಡೆ ಉಳಿದ ನೀರು ಕೂಡಿದ್ರ ಇನ್ನೇನು ಬಂದೀತು? ಬೂದಿ ಬಣ್ಣನ ಬರತೈತಿ. ಬಣ್ಣಗಾರಗ ಇದನ್ನ ಯಾರೂ ಹೇಳಿಕೊಡಬೇಕಾಗಿಲ್ಲ. ಅಯ್ಯ ಶಿವನ, ಇಂಥಾ ಹೊಲಸ ಬಣ್ಣ ಉಟಗೊಂಡು ಮಗಳ ಕುಬಸದಾಗ ಅಡ್ಡಾಡಿದ್ಲಲ್ಲ, ನಾ ಹಾಕಿಕೊಡಲಿಲ್ಲಂತ ಹಿಂಗಾತಲ್ಲ ಅನಿಸಿತು. ಟಿವಿ ಮ್ಯಾಲ ಇದ್ದ ಸಂಶೇ ಎಲ್ಲಾ ನನ್ನ ಮ್ಯಾಲ ತಿರಗಿತು.

ಬೋರಲು ಬಿದ್ದ ಹಂಡೆ ಒಂದು ಎತ್ತಿ ಹುಣಸಿಹಣ್ಣು ಹಚ್ಚಿ ತಿಕ್ಕಿದ್ನಿ. ಡಬ್ಬ್ಯಾಗ ತಳಕ್ಕ ಉಳದಿದ್ದ ಪುಡಿ ಕೆರದು ತಗದ್ನಿ. ಒಲಿ ಹಚ್ಚಿದ್ನಿ. ನಮ್ಮ ಕೆಲಸದಾಗ ಒಂದು ಕಟ್ಟುನಿಟ್ಟು ಐತಿ: ಬಣ್ಣ ನೋಡಬೇಕಾದ್ರ ಲಡಿ ಒಣಗಿಸಿ, ಮುಂಜಾನೆ ಹತ್ತರ ಸುಮಾರಿಗೆ, ನೆಳ್ಳಾಗ ಕಟ್ಟಿ ಮ್ಯಾಲ ನಿಂತು ನೋಡಬೇಕು. ಒದ್ದಿ ನೂಲು ನಂಬಬಾರದು, ದೀಪದ ಬೆಳಕು ನಂಬಬಾರದು. ಕೈಕೆಳಗ ಕಲಿಯಾಕ ಬಂದಾರನ್ನೆಲ್ಲಾ ಇದಕ್ಕ ಬೈದು ಬೈದು ಕಲಿಸೇನಿ. ಅಂಥಾ ನಾನು ಏನ ಮಾಡಿದ್ನಿ? ಟಿವಿ ಚಂದಗೆ ಕಾಣಲಿ ಅಂತ ಹಾಡಹಗಲ ಬಾಗಲಾ ಕಿಡಕಿ ಮುಚ್ಚಿ, ಕತ್ತಲ ಮಾಡಿ, ವಿಡಿಯೋ ನಿಲ್ಲಿಸಿ, ಅದರ ಬೆಳಕಿನ್ಯಾಗ ಲಡಿ ಹಿಡದು, ಆಕಿ ಸೆರಗಿಗೆ ಹಚ್ಚಿ ಹಚ್ಚಿ ನೋಡಿದ್ನಿ. ಆರನೇ ಲಡಿ ಹೊಂದಿತು. ಟಿವಿಗೂ ನೂಲಿಗೂ ಒಂದು ಕೂದಲಷ್ಟು ಫರಕ್ ಇಲ್ಲ. ನನ್ನ ಕೈಗುಣ ಇನ್ನೂ ಹೋಗಿಲ್ಲಂತ ಖುಷಿ ಸುದ್ದಾ ಆತು, ಏನ ಹೇಳಲಿ. ವಹಿಯೊಳಗ ಬರಕೊಂಡು ತುಂಡು ಕಟ್ಟಿದ್ನಿ.

ಓಣ್ಯಾಗ ಮಗ್ಗ ಇನ್ನೂ ನಡಸೂ ಒಬ್ಬ ಗೆಳೆಯ ಅದಾನ. ಆ ನೂಲು ನೋಡಿ, "ಇದೇನೋ, ಹಳೇ ಗೋಣಿಚೀಲದಂಗ ಐತಿ," ಅಂದ. "ನಿನಗ್ಯಾಕ ಬೇಕು, ನೇಯಿ," ಅಂದ್ನಿ. ಹದಿನೈದು ದಿನಕ್ಕ ಸೀರಿ ಮಡಚಿ ತಂದು ಕೊಟ್ಟ.

ಹಬ್ಬದ ದಿನಾ ಮಗಳು, ಅಳಿಯಾರು, ಕೂಸು ಬಂದ್ರು. ಮಗಳು ಕುಬಸದ ಹಸರ ಸೀರೀನ ಉಟಗೊಂಡು ಬಂದಿದ್ಲು. ಆಕಿ ಅವ್ವನ ಫೋಟೋ ಮುಂದ ನನ್ನ ಸೀರಿ ಇಟ್ವಿ, ಹೋಳಿಗಿ ಎಡಿ ಹಿಡದ್ವಿ. ಮಗಳು ಸೀರಿ ಮುಟ್ಟಿ ಮುಟ್ಟಿ ನೋಡಿದ್ಲು. ಊಟಾ ಆದಮ್ಯಾಲ, "ಅಪ್ಪಾ, ವಿಡಿಯೋ ಹಾಕು," ಅಂದ್ಲು. ಹಾಕಿದ್ನಿ. ಬಾಗಲಾ ತೆರದಿತ್ತು, ಬೆಳಕಿತ್ತು. ಆಕಿ ಟಿವಿ ಮಗ್ಗಲಕ್ಕ ಹೋಗಿ ನಿಂತು, ಅವ್ವನ ಮಕಾದ ಮ್ಯಾಲ ಬೊಟ್ಟ ಆಡಿಸಾಕ ಹತ್ತಿದ್ಲು. ಪಕ್ಕದಾಗ ಅದ ವಿಡಿಯೋದಾಗ ಆಕೀನ ಕುಂತಿದ್ಲು, ಅದ ಹಸರ ಸೀರಿ ಉಟಗೊಂಡು.

ಆಗ ಕಂಡಿತು ನನಗ. ಟಿವಿ ಹೊರಗಿನ ಸೀರಿ ಗಿಣಿ ಹಸರು. ಒಳಗಿಂದು ಬಾಡಿದ ಮೆಂತೇಪಲ್ಲೆ.

ಮಗಳಿಗೂ ಕಂಡಿತು. ತನ್ನ ಸೆರಗು ಟಿವಿಗೆ ಹಚ್ಚಿದ್ಲು, ಒಮ್ಮೆ ಅದನ್ನ, ಒಮ್ಮೆ ಇದನ್ನ ನೋಡಿದ್ಲು. "ಅಪ್ಪಾ, ನನ್ನ ಸೀರಿ ಹಿಂಗ ಇಲ್ಲಲ್ಲ," ಅಂದ್ಲು. ಅಷ್ಟು ಸಲ ಆ ವಿಡಿಯೋ ನೋಡೇನಿ, ಮಗ್ಗಲದಾಗ ಕುಂತ ಮಗಳ ಸೀರಿ ಕಡೆ ಒಂದ ಸಲನೂ ನೋಡಿದ್ದಿಲ್ಲ. ಆ ಹಸರು ಸುಳ್ಳಾದ್ರ ಆ ಬೂದೀನೂ ಸುಳ್ಳು. ಹಂಗಾದ್ರ ಫೋಟೋ ಮುಂದ ಇಟ್ಟದ್ದು? ಥೂ ನನ್ನ ಜಲ್ಮಕ್ಕ ಅನಿಸಿತು. ಅಂದೂ ಬಿಟ್ನಿ, ಅಳಿಯಾರ ಎದುರಿಗೆನ.

ಮಗಳು ಭಾಳ ಶ್ಯಾಣ್ಯಾಕಿ. ಒಳಗ ಹೋಗಿ ಆ ಗೋಣಿಚೀಲದ ಬಣ್ಣದ ಸೀರಿ ಉಟಗೊಂಡು ಬಂದು ನನಗ ನಮಸ್ಕಾರ ಮಾಡಿದ್ಲು. ನಾ ಆಕಿ ಮಕಾ ನೋಡಲಿಲ್ಲ.

ಮುಂದಿನ ವಾರ ಬೈಲಹೊಂಗಲಕ್ಕ ಹೋಗಿ, ಮದವಿ ವಿಡಿಯೋ ಜೋಡಸೂ ಸ್ಟುಡಿಯೋ ಒಂದಕ್ಕ ಮಗಳ ಜೋಡಿ ಹೋದ್ನಿ. ಕೈಯಾಗ ಪೆನ್‌ಡ್ರೈವ್, ಚೀಲದಾಗ ಹಸರ ಸೀರಿ. ಸ್ಟುಡಿಯೋದಾಂವ ಫೈಲ್ ತೆರದು ನೋಡಿ ಎರಡು ನಿಮಿಷದಾಗ ಹೇಳಿದ. "ಇದು ಎಚ್‌ಡಿಆರ್ ವಿಡಿಯೋರಿ ಅಜ್ಜಾರ. ಆ ಫೋನು ಬೆಳಕು, ಬಣ್ಣ ಎಲ್ಲಾನೂ ಭಾಳ ದೊಡ್ಡ ಅಳತ್ಯಾಗ ಬರದಿಟ್ಟೈತಿ. ನಿಮ್ಮ ಟಿವಿ ಹಳೇದು, ಅದಕ್ಕ ಸಣ್ಣ ಅಳತಿ ಅಷ್ಟ ಗೊತ್ತು. ದೊಡ್ಡದನ್ನ ಸಣ್ಣದರಂಗ ಓದಿ ಎಲ್ಲಾ ಮಸಕು ಮಾಡತೈತಿ. ಲ್ಯಾಪ್‌ಟಾಪ್‌ದಾಗ ನೀವು ಹಾಕಿದ ಪ್ಲೇಯರಿಗೂ ಅದ ರೋಗ. ಫೈಲಿನ್ಯಾಗ ಬಣ್ಣ ಏನೂ ಕೆಟ್ಟಿಲ್ಲರಿ."

ಏನೂ ಕೆಟ್ಟಿಲ್ಲ ಅಂತ. ಅಂವ ಹೇಳಿದ್ದು ಫೈಲಿನ ಮಾತು, ನನ್ನ ಕಿವಿಗೆ ಬಡದಂಗ ಆತು.

ಹಸರ ಸೀರೀನ ಅವನ ಮಾನಿಟರ್ ಮಗ್ಗಲಕ್ಕ ಹರವಿದ್ನಿ. "ಇದಕ್ಕ ಹೊಂದೂತನಕ ತಿರುವಪಾ," ಅಂದ್ನಿ. ಅಂವ, "ಹಿಂಗ ಸೀರಿ ತಂದು ಕುಂತಾರನ್ನ ಇವತ್ತ ನೋಡಿದ್ನಿರಿ," ಅಂತ ನಕ್ಕೋತ ಪರದೆ ಮ್ಯಾಲಿನ ಬಣ್ಣ ತಿದ್ದೂ ಒಂದೊಂದ ಕಡ್ಡಿ ಸರಸಿದ. ಹಸರು ಜೀವ ಹಿಡೀತು. ಚೆಂಡುಹೂ ಹಳದಿ ಆದು. ಕುಂಕುಮ ಕುಂಕುಮ ಆತು. ಆಮ್ಯಾಲ ಆಕಿ ಬಂದ್ಲು.

ಬಿಸಲಿಗೆ ಹಿಡದ ದಾಳಿಂಬರ ಕಾಳಿನ ಬಣ್ಣ. ಕೆಂಪಂದ್ರ ಕೆಂಪಲ್ಲ, ಮಡಿಕ್ಯಾಗ ನೇರಳಿ ಹಣ್ಣಿನ ನೆಳ್ಳು, ಹೊಳ್ಳಿದ್ರ ಬ್ಯಾರೆ. ಮೂವತ್ತೈದು ವರ್ಷದಾಗ ಅಂಥಾ ಬಣ್ಣ ನನ್ನ ಕೈಯಾಗ ಬಂದಿಲ್ಲ. ಒಂಬತ್ತು ವಹಿಯೊಳಗ ಅದರ ಮಗ್ಗಲಕ್ಕ ಇಡೂವಂಥಾದ್ದು ಒಂದೂ ಇಲ್ಲ. ಮಗಳು ನನ್ನ ರಟ್ಟಿ ಹಿಡಕೊಂಡು, "ಇದನ, ಅಪ್ಪಾ, ಇದನ," ಅಂದ್ಲು.

ಅಂವ ಧ್ವನೀನೂ ಬ್ಯಾರೆ ನಮೂನಿಗೆ ಮಾಡಿ ಕೂಡಿಸಿದ. ಮಾಡಿ ಹಚ್ಚಿದ. ಆಕಿ ದನಿ ಕೇಳಿ ವರ್ಷದ ಮ್ಯಾಲಾಗಿತ್ತು. ಊಟಕ್ಕ ಯಾರನ್ನೂ ಕರಿಯಾಕ ಹತ್ತಿದ್ದಿಲ್ಲ. ಸೆರಗು ಎರಡೂ ಕೈಯಾಗ ಅಗಲ ಮಾಡಿ ಹಿಡದು ಅಳಿಯಾರಿಗೆ ಹೇಳತಿದ್ಲು: "ಅಳಿಯಾರ, ಇದನ್ನ ಚಂದಗೆ ತಗೀರಿ ಮತ್ತ. ಅಂಗಡೀದಲ್ಲ ಇದು. ನಮ್ಮನಿಯವರು ನನಗಂತನ ಕೂಡಿಸಿ ಹಾಕ್ಯಾರ. ಇಂಥಾದ್ದು ಊರಾಗ ಇನ್ನೊಂದಿಲ್ಲ."

ಸ್ಟುಡಿಯೋದಾಂವ ನನ್ನ ಕಡೆ ತಿರುಗಿ, "ಭಾರೀ ಅದೀರಲ್ರಿ ಅಜ್ಜಾರ," ಅಂದ. ಮಗಳು ಅಳಾಕ ಹತ್ತಿದ್ಲು, ಖುಷಿಗೆ.

ಮೂರು ಹಂಡೆ ಎತ್ತಿ ಸುರುವಿದಾಕಿ ಆಕೀನ. ಯಾವುದರಾಗಿಂದ ಎಷ್ಟು ಅಂತ ನೋಡಿ ಸುರುವಿದಾಕಿ ಆಕೀನ, ಅದ್ದಿದಾಕಿ, ಒಣಗಿಸಿದಾಕಿ. ಉಳಿದ ನೀರು ಅಂತ ಆಕಿಗೆ ಗೊತ್ತಿದ್ದಿಲ್ಲೇನು? ಅಳಿಯಾರ ಮುಂದ ನನ್ನ ಮಾನ ಹೋಗಬಾರದು ಅಂತ ಹಂಗ ಅಂದ್ಲು. ಇಲ್ಲಾ, ಹಂಗ ಆಗಿದ್ರ ಚಂದಿತ್ತು ಅಂತ ಅಂದ್ಲು. ಯಾವುದು ಅಂತ ಕೇಳೂದಾದ್ರ ಯಾರನ್ನ ಕೇಳಲಿ.

ಮಗಳು ಆ ವಿಡಿಯೋನ ಬಳಗಕ್ಕೆಲ್ಲಾ ಕಳಸ್ಯಾಳ. ಸಿಕ್ಕಾರೆಲ್ಲಾ, ಹೆಂಡ್ತಿಗೆ ಬಣ್ಣ ಹಾಕಿಕೊಟ್ಟಾಂವ ಅಂತ ಬೆನ್ನ ಚಪ್ಪರಸ್ತಾರ. ಸ್ಟುಡಿಯೋದಾಂವ ಮಾಡಿಕೊಟ್ಟದ್ದು ಹಾಕಿದ್ರ ಈಗ ಟಿವ್ಯಾಗೂ ಬಣ್ಣ ಸರಿ ಕಾಣತೈತಿ. ಈ ವರ್ಷದ ಹಿರೇರ ಹಬ್ಬಕ್ಕ ಅದ ಬಣ್ಣದ ಸೀರಿನ ಇಡಬೇಕು ಅಂತ ಮಗಳು ಹಟಾ ಹಿಡದು ಕುಂತಾಳ. ಆ ಮೂರು ಹಂಡ್ಯಾಗ ಎರಡರಾಗ ಏನಿತ್ತಂತ ವಹಿ ನೋಡಿ ಹುಡಕೇನಿ, ಮೂರನೇದು ನೆನಪಾಗೂದಿಲ್ಲ. ಮೂರೂ ಸಿಕ್ಕರೂ, ಯಾವುದು ಎಷ್ಟು ಅನ್ನೂದು ಆಕಿ ಕೈಯ್ಯಾಗಿತ್ತು. ಒಲಿ ಹಚ್ಚೇನಿ. ಹಿತ್ತಲದ ಹಗ್ಗದ ಮ್ಯಾಲ ಹನ್ನೊಂದು ಲಡಿ ಒಣಗಾಕ ಹತ್ತ್ಯಾವ. ಮುಂಜಾನೆ ಹತ್ತರ ನೆಳ್ಳಾಗ ಒಂದೊಂದನ್ನ ಹಿಡದು ನೋಡತೇನಿ. ಯಾವುದೂ ಅಲ್ಲ.

ಮೊನ್ನೆ ಮಗಳು ಬಂದಾಗ ಹಗ್ಗದ ಕೆಳಗ ನಿಂತು ಎಲ್ಲಾ ನೋಡಿದ್ಲು.

"ನೀನ ಹಾಕಿದ ಬಣ್ಣ, ಮತ್ತ ನಿನಗ ಬರವಲ್ದೇನಪ್ಪಾ?" ಅಂದ್ಲು.

"ಬರವಲ್ದವ್ವಾ," ಅಂದ್ನಿ.